ಬೆಂಕಿ ಆರಿದ ಮೇಲಿನ ಚಹಾ

ಶರಣಪ್ಪ ಕಾಕಾ, ಶರಣು.

ನಿಮ್ಮ ಬಳಿಚಕ್ರದ ಹುಡುಗ ಬರೆಯುತ್ತಿದ್ದೇನೆ. ಹುಡುಗನ ಮೀಸೆಯಲ್ಲಿ ಈಗ ಬಿಳಿ ಕೂದಲು ಬಂದಿವೆ, ನಗಬೇಡಿ. ಶಹಾಪುರದ ಅಗ್ನಿಶಾಮಕ ಠಾಣೆಗೆ ನಾನು ಸೇರಿದ ದಿನ ನೀವು ಹೆಸರು ಕೇಳಲಿಲ್ಲ, ಊರು ಕೇಳಿದಿರಿ. ಕೊನೆಯ ತನಕ ಅದೇ ನನ್ನ ಹೆಸರಾಯಿತು. "ಏ ಬಳಿಚಕ್ರ, ಪೈಪ್ ಗಟ್ಟಿ ಹಿಡಿ! ಅದೇನ್ ಹಾವಲ್ಲೋ, ಅಂಜಬ್ಯಾಡ!" ಆಗ ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟಿತ್ತು ಗೊತ್ತೇ?

ಆ ಮೊದಲ ಬಣವೆ ಬೆಂಕಿ ನೆನಪಿದೆಯೇ? ಉರಿ ಇಳಿದಿತ್ತು. ನಾನು ಪೈಪ್ ಸುತ್ತಿ ಗಾಡಿ ಹತ್ತಿ ಕುಳಿತಿದ್ದೆ. ನೀವೋ, ಬಣವೆ ಕಳೆದುಕೊಂಡವರನ್ನೇ ಕರೆದು, "ಗೌಡ್ರ, ಒಂದೀಟು ಚಹಾ ಮಾಡ್ಸರಿ. ನಿದಾನಕ ಆಗ್ಲಿ, ಅವಸರ ಇಲ್ಲ" ಅಂದಿರಿ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎಲ್ಲಿ ಹೋದರೂ ಇದೇ ಕಥೆ. ಬೆನ್ನ ಹಿಂದೆ ನಿಮಗೆ 'ಚಹಾ ಕಾಕಾ' ಎಂದು ಹೆಸರಿಟ್ಟವನು ನಾನೇ. ನೀವಿದ್ದಾಗ ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ.

ಮಗಳ ಮದುವೆಗೆಂದು ನೀವು ರಜೆ ಹಾಕಿದ ವಾರ ಒಂದು ಹತ್ತಿ ಗೋದಾಮಿಗೆ ಬೆಂಕಿ ಬಿತ್ತು. ಹಿರಿಯರು ಬೇರೆ ಕಡೆ ಹೋಗಿದ್ದರಿಂದ ಅಂದು ಗಾಡಿಗೆ ನಾನೇ ಯಜಮಾನ. ಉರಿ ಆರಿಸಿದೆವು. ಗೋದಾಮಿನ ಸಾಹುಕಾರರ ತಾಯಿ, "ಕುಂದರ್ರಿ, ಚಹಾ ಇಡ್ತೀನಿ" ಅಂದರು. ನಾನು ಜಂಬದಿಂದ, "ಬ್ಯಾಡ್ರಿ ಅಮ್ಮಾ, ನಾವು ಚಹಾಕ್ಕ ಬಂದವ್ರಲ್ಲ" ಎಂದು ಹೊರಟುಬಿಟ್ಟೆ. ಎರಡು ತಾಸಿನಲ್ಲಿ ಅಲ್ಲಿಂದಲೇ ಮತ್ತೆ ಫೋನು. ಹತ್ತಿ ರಾಶಿಯ ಒಳಗೆ ಕೆಂಡ ಉಳಿದಿತ್ತು. ನಾವು ತಲುಪುವಷ್ಟರಲ್ಲಿ ಮೊದಲು ಉಳಿಸಿದ್ದ ಅರ್ಧವೂ ಸುಟ್ಟುಹೋಗಿತ್ತು. ಆ ಅಮ್ಮ ಬೈದಿದ್ದರೂ ಚೆನ್ನಾಗಿತ್ತು. ಸೆರಗಿನಿಂದ ಮುಖದ ಮಸಿ ಒರೆಸಿಕೊಂಡು ಮನೆಯೊಳಗೆ ಹೋದರು...

ರಾಜೀನಾಮೆ ಬರೆದುಕೊಂಡು ನಿಮ್ಮ ಮನೆಗೆ ಬಂದೆ. ಮದುವೆಯ ಹಂದರ ಇನ್ನೂ ಬಿಚ್ಚಿರಲಿಲ್ಲ. ನೀವು ಕೇಳಿದ್ದು ಒಂದೇ ಮಾತು: "ಅಲ್ಲಿ ಚಹಾ ಕುಡದಿ ಏನು?"

ಇಲ್ಲವೆಂದೆ.

"ಹುಚ್ಚಪ್ಪ! ಒಳಗ ಇನ್ನೂ ಕೆಂಡ ಇರಬೌದು ಅಂದ್ರ ಆ ಮಂದಿ ಜೀವ ಹಾರ್ತದ. ಚಹಾ ಅಂದ್ರ ನಮಗ ಒಂದು ತಾಸು ಸಿಗ್ತದ. ಒಂದು ಕೈಯಾಗ ಕಪ್ಪು, ಇನ್ನೊಂದು ಕೈ ಹತ್ತ್ಯಾಗ. ಬಿಸಿ ಹತ್ತಿದ್ರ ಅಲ್ಲೇ ಬಿಚ್ಚು."

ನನ್ನ ರಾಜೀನಾಮೆಯನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಮಂಚದ ಕಾಲಿನ ಕೆಳಗೆ ಇಟ್ಟಿರಿ. ಹೋಳಿಗೆ ಉಣ್ಣಿಸಿ ಕೆಲಸಕ್ಕೆ ಅಟ್ಟಿದಿರಿ.

ನೀವು ಹೋದ ಮೂರನೆಯ ದಿನ ಕಾಕಿಯ ಮುಂದೆ ಈ ಚಹಾದ ಮಾತು ತೆಗೆದೆ. ಅಳುತ್ತಿದ್ದವರು ನಕ್ಕೇಬಿಟ್ಟರು. "ಚಹಾ? ಮನ್ಯಾಗ ಒಂದಿನ ಮುಟ್ಟಿದವ್ರಲ್ಲಪ್ಪ. ವಾಸನೀನೇ ಆಗ್ತಿದ್ದಿಲ್ಲ ಅವ್ರಿಗಿ!" ಹಾಗಾದರೆ ಕಾಕಾ, ಅಷ್ಟು ವರ್ಷ, ಅಷ್ಟೊಂದು ಕಪ್ಪು...

ಈಗ ಸುದ್ದಿ ಕೇಳಿ. ನನಗೆ ಬಡ್ತಿ ಸಿಕ್ಕು ಸುರಪುರಕ್ಕೆ ಬಂದಿದ್ದೇನೆ. ಕಳೆದ ವಾರ ಇಲ್ಲೂ ಒಂದು ಹತ್ತಿ ಗೋದಾಮು ಹೊತ್ತಿಕೊಂಡಿತು. ಉರಿ ಆರಿದ ಮೇಲೆ ನಾಚಿಕೆ ಬಿಟ್ಟು ಚಹಾ ಕೇಳಿದೆ. ಎರಡನೆಯ ಗುಟುಕಿಗೆ, ಹತ್ತಿಯೊಳಗೆ ತೂರಿಸಿದ್ದ ಅಂಗೈಗೆ ಬಿಸಿ ತಾಗಿತು. ರಾಶಿ ಬಿಚ್ಚಿದರೆ ಒಳಗೆ ಕೆಂಪಗೆ ಕೆಂಡ. ಮಿಕ್ಕ ಹತ್ತಿಯೆಲ್ಲ ಉಳಿಯಿತು. ಠಾಣೆಗೆ ಮರಳುವಾಗ ನಾನು ಕಣ್ಣು ಮುಚ್ಚಿ ಕುಳಿತಿದ್ದೆ. ನಿದ್ದೆ ಅಂದುಕೊಂಡು ಡ್ರೈವರ್ ಹಿಂದಿನವರಿಗೆ ಮೆಲ್ಲಗೆ ಹೇಳಿದ: "ಈ ಚಹಾ ಕಾಕಾ ಇದ್ರ ಹೊತ್ತಿಗಿ ಊಟಿಲ್ಲ ನೋಡ್ರಪಾ!"

ಇಲ್ಲಿ ನಿಮ್ಮನ್ನು ಬಲ್ಲವರು ಯಾರೂ ಇಲ್ಲ. ಆ ಹೆಸರನ್ನು ನಾನು ಯಾರಿಗೂ ಹೇಳಿಯೂ ಇರಲಿಲ್ಲ. ಆ ಹೊತ್ತು ನನಗಾದ ಖುಷಿ ಬಡ್ತಿ ಬಂದ ದಿನವೂ ಆಗಿರಲಿಲ್ಲ, ಕಾಕಾ.

ಆದರೆ ನಿಮ್ಮದೊಂದು ತಪ್ಪನ್ನು ನಾನು ಮಾಡುವುದಿಲ್ಲ. ಕಾರಣವನ್ನು ನೀವು ಮೊದಲೇ ಹೇಳಲಿಲ್ಲ. ನಾಳೆ ಕವಾಯತು ಮುಗಿದ ಕೂಡಲೇ ಎಲ್ಲರನ್ನೂ ಕೂರಿಸಿ ಹೇಳುತ್ತೇನೆ, ಆ ಅಮ್ಮನ ಗೋದಾಮಿನ ಕಥೆಯನ್ನೂ ಮುಚ್ಚಿಡದೆ. ಚಹಾ ನಾನೇ ಮಾಡುತ್ತೇನೆ.

ನಿಮ್ಮ
ಬಳಿಚಕ್ರ