ಪೊಟ್ಟಣದ ಏಳು ಬೀಜಗಳು

ಮಾರ್ಚ್ ೧೭, ಭಾನುವಾರ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಎರಡೂ ಕಾಗದಗಳು ಬಂದವು. ಉತ್ತರ ತಡವಾಯಿತು, ತಪ್ಪು ತಿಳಿಯಬೇಡ. ಕೈನೋವು ಅಂತ ಸುಳ್ಳು ಹೇಳಬಹುದಿತ್ತು, ಆದರೆ ಬರೆಯಲು ಮನಸ್ಸೇ ಇರಲಿಲ್ಲ. ಎರಡರಲ್ಲೂ ನೀನು ಮೊದಲು ಕೇಳಿದ್ದು ಕಿಟಕಿಯ ಕುಂಡ ಏನಾಯಿತು ಅಂತ. ನನ್ನ ಮಂಡಿನೋವಿನ ವಿಚಾರ ಎರಡನೆಯ ಕಾಗದದ ಕೊನೆಯ ಸಾಲಿನಲ್ಲಿ ಬಂತು. ನೆಮ್ಮದಿಯಾಗಿರು, ಗಿಡ ಸತ್ತಿತು.

ಮಂಡಿ ಹಾಗೇ ಇದೆ. ಇನ್ನೆರಡು ವಾರಕ್ಕೆ ನನ್ನ ನಿವೃತ್ತಿ. ಮೂವತ್ತೊಂದು ವರ್ಷ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸಿದ್ದಕ್ಕೆ ಸಸ್ಯ ಸಂಗ್ರಹಾಲಯದವರು ನನಗೆ ಕೊಟ್ಟ ಬಿರುದು ‘ಗೋಂದಮ್ಮ’. ನೀವು ಹೋದ ಮೇಲೆ ನಮ್ಮ ಸಸ್ಯಕುಟುಂಬಗಳನ್ನೆಲ್ಲ ಯಾರು ಹಿಡಿದಿಡುತ್ತಾರೆ ಅಂತ ದೊಡ್ಡ ಸಾಹೇಬರು ತಮಾಷೆ ಮಾಡಿದರು. ಇನ್ನೂರು ಕುಟುಂಬ ಅಂಟಿಸಿದೆ ಸಾರ್, ಇಬ್ಬರೇ ಇರೋ ನನ್ನದೊಂದು ಅಂಟಲಿಲ್ಲ ಅಂದೆ. ಅವರಿಗೆ ನಗು ಬಂತು.

ನಿನ್ನ ಹೊಸ ಗಿಡದ ಮೊದಲ ಹಾಳೆಯನ್ನು ಅಂಟಿಸಿದವಳೂ ನಾನೇ. ಗಾಳಿ ಬಡಿಯುವ ಬಂಡೆಯಿಂದ ನೀನು ಕಿತ್ತು ತಂದಿದ್ದೆ. ನೆಲಕ್ಕೆ ಅಂಟಿದ ಗಿಡ, ದಪ್ಪನೆಯ ಪುಟಾಣಿ ಎಲೆ, ಮೈತುಂಬ ಬಿಳಿ ರೋಮ. ಹೂವು ಮಾತ್ರ ಚರಂಡಿ ಪಕ್ಕ ಬೆಳೆಯುವ ಮಾಮೂಲಿ ಗಿಡದ್ದೇ. ಎಲೆ, ರೋಮ ಬೇರೆ ಇರುವುದರಿಂದ ಇದು ಬೇರೆಯೇ ಪ್ರಭೇದ ಅಂತ ನೀನು ಬರೆದೆ, ಹೆಸರಿಟ್ಟೆ, ಅದರಿಂದಲೇ ನಿನಗೆ ಕೆಲಸವೂ ಸಿಕ್ಕಿತು. ಅಂಟಿಸುವಾಗ ಉದುರಿದ್ದನ್ನು ಕಾಗದದ ಪೊಟ್ಟಣದಲ್ಲಿ ಹಾಕಿ ಅದೇ ಹಾಳೆಯ ಮೂಲೆಗೆ ಅಂಟಿಸುವುದು ನಮ್ಮ ಪದ್ಧತಿ. ಏಳು ಬೀಜಗಳಿದ್ದವು. ಮೂರನ್ನು ಕದ್ದೆ. ಅನುಮಾನದಿಂದಲ್ಲ ಪುಟ್ಟಿ. ನೀನಂತೂ ಮನೆಗೆ ಬರುವುದಿಲ್ಲ, ನೀನು ಹೆಸರಿಟ್ಟ ಗಿಡವಾದರೂ ಅಡುಗೆಮನೆಯ ಕಿಟಕಿಯಲ್ಲಿ ಇರಲಿ ಅನ್ನುವ ಆಸೆಯಿಂದ.

ಹುಟ್ಟಿದ್ದು ಒಂದೇ. ನೆರಳು, ದಿನಾ ನೀರು, ಗಾಳಿಯ ಕಾಟವಿಲ್ಲ. ಎಲೆ ಅಗಲವಾಯಿತು, ಕಾಂಡ ಬೆಳಕಿನ ಕಡೆಗೆ ಉದ್ದಕ್ಕೆ ಚಾಚಿತು, ರೋಮ ಬರಲೇ ಇಲ್ಲ. ಹೂ ಬಿಟ್ಟಾಗ ಚರಂಡಿ ಪಕ್ಕದ ಗಿಡ ತಂದು ಜೊತೆಗಿಟ್ಟು ನೋಡಿದೆ. ಯಾವುದು ಯಾವುದೆಂದು ನನ್ನ ಕಣ್ಣಿಗೂ ಗೊತ್ತಾಗಲಿಲ್ಲ. ಅದೇ ಮಾಮೂಲಿ ಗಿಡ ಬಂಡೆಯ ಮೇಲೆ ಬಿಸಿಲಿಗೂ ಗಾಳಿಗೂ ಹೆದರಿ ಮೈ ಮುದುಡಿಕೊಂಡು, ರೋಮ ಹೊದ್ದು ಬದುಕಿತ್ತು ಅಷ್ಟೇ. ನಾನು ನಗುತ್ತಲೇ ನಿನಗೆ ಫೋನಿನಲ್ಲಿ ಹೇಳಿದೆ. ನೀನು, “ಅಮ್ಮಾ, ನೀನು ಗೋಂದು ಹಚ್ಚೋಳು, ಗೋಂದು ಹಚ್ಕೊಂಡಿರು. ಕೆಲಸ ಇನ್ನೂ ಕಾಯಂ ಆಗಿಲ್ಲ ನಂಗೆ. ಆ ಗಿಡ ಕಿತ್ತು ಬಿಸಾಕು” ಅಂದೆ.

ಕೀಳಲು ಕೈ ಬರಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಹಾಳೆಯ ಮೇಲಿನ ಹೆಸರು ತಪ್ಪೆನಿಸಿದರೆ ತಿಳಿದವರು ಹಳೆಯ ಚೀಟಿ ಕೀಳುವುದಿಲ್ಲ, ಅದರ ಮೇಲುಗಡೆ ತಮ್ಮ ಅಭಿಪ್ರಾಯ, ಸಹಿ, ತಾರೀಕು ಬರೆದ ಇನ್ನೊಂದು ಚೀಟಿ ಅಂಟಿಸುತ್ತಾರೆ. ನಿನಗೆ ಗೊತ್ತಿರುವುದೇ. ಬರೆಯುವ ಅಧಿಕಾರ ನನಗಿಲ್ಲ, ಅಂಟಿಸುವುದು ಮಾತ್ರ ಬರುತ್ತದೆ. ಮೊನ್ನೆ ನಿನ್ನ ಹಾಳೆ ತೆಗೆದು, ನಿನ್ನ ಚೀಟಿಯ ಮೇಲುಗಡೆ ಒಂದು ಖಾಲಿ ಚೀಟಿ ಅಂಟಿಸಿ ಬಂದೆ. ಪೊಟ್ಟಣದಲ್ಲಿ ಇನ್ನೂ ನಾಲ್ಕು ಬೀಜಗಳಿವೆ. ಬಿತ್ತಿ ನೋಡಿ ನೀನೇ ತುಂಬು. ಇಲ್ಲವಾದರೆ ಇನ್ಯಾರೋ ಒಂದು ದಿನ ತುಂಬುತ್ತಾರೆ, ಆಗ ನಾಲ್ಕು ಜನ ನಗುವುದು ನಿನ್ನನ್ನು ನೋಡಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ಚೆನ್ನಾಗಿ ಬೇರು ಬಿಟ್ಟು ಬಾಳು.

ಇಂತಿ,
ನಿನ್ನ ಅಮ್ಮ

ತಾ.ಕ.: ಎಂಟು ತಿಂಗಳ ಮೇಲೆ ನೀನು ಬಂದಿದ್ದೆಯಲ್ಲ, ಆ ಭಾನುವಾರ ನಿನಗೆ ಹಾಲು ತರಲೆಂದು ಮಂಡಿ ಎಳೆದುಕೊಂಡು ಅಂಗಡಿಗೆ ಹೋಗಿದ್ದೆ. ಮೂರನೆಯ ದಿನ ಗಿಡದ ಎಲೆಗಳ ಅಂಚು ಸುಟ್ಟಂತಾಯಿತು. ಕುಂಡದ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿತ್ತು, ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪಿನ ಡಬ್ಬ ಅರ್ಧಕ್ಕಿಳಿದಿತ್ತು. ಉಪ್ಪಿನಲ್ಲೂ ಬದುಕುವ ಗಿಡಗಳಿವೆ ಪುಟ್ಟಿ, ಕುಡಿದ ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತವೆ. ಇದು ಆ ಜಾತಿಯದಲ್ಲ. ಗಿಡ ಹೋದದ್ದಕ್ಕೆ ನಾನು ಅಳಲಿಲ್ಲ. ಆ ದಿನ ನೀನು ನನ್ನನ್ನು ನೋಡಲು ಬಂದಿದ್ದೀ ಎಂದುಕೊಂಡಿದ್ದೆ.