ಹೆಸರು ಬರದಿದ್ದರೆ ಅಣ್ಣ

ಮಾರ್ಚ್ 4, ಸೋಮವಾರ
ಮತ್ತೆ ಅದೇ ಕೋಡ್ ತುಣುಕು. ಪತ್ರಿಕೆಯ ವೆಬ್‌ಸೈಟಿಗೆ ನಿಧನ ವಾರ್ತೆಯ ಕಾರ್ಡು. ಪಿಎಚ್‌ಪಿ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಒಮ್ಮೆ ಬರೆದಿಟ್ಟರೆ ಸಾಕು — ಸೈಟಿನ ಪುಟವು ತೀರಿಕೊಂಡವರ ಹೆಸರು, ಫೋಟೊ ಕಳಿಸಿದಂತೆಲ್ಲ ಹೊಸ ಕಾರ್ಡು. ಪ್ರಿವ್ಯೂ ಒತ್ತಿದೆ. ಖಾಲಿ.
ಬಾಸ್ ಇಣುಕಿದರು. “ಏನಮ್ಮಾ, ದೆವ್ವಕ್ಕೆ ಕಾರ್ಡ್ ಮಾಡಿದೀಯಾ? ಡೇಟಾ ಬರ್ದೇ ಇದ್ರೆ ತೋರ್ಸೋಕೆ ಯಾವ್ದಾದ್ರೂ ಹೆಸ್ರು ತುಂಬ್ಸು.”
ಯಾವುದಾದರೂ ಅಂದರೆ... ಬೆರಳು ಅಣ್ಣನ ಹೆಸರನ್ನೇ ಒತ್ತಿತು. ಫೋಟೊ ಕೂಡ ಅವನದೇ. ಒಂಬತ್ತನೇ ಕ್ಲಾಸಿಗೆ ನಾನು ಸ್ಕೂಲು ಬಿಟ್ಟಾಗ ಮಾತು ಬಿಟ್ಟವನು. ಹೆಸರು ಬರದಿದ್ದರೆ ಅವನ ಕಾರ್ಡೇ ಕಾಣಲಿ ಅಂತ ಷರತ್ತು ಹಾಕಿದೆ. ಪ್ರಿವ್ಯೂ ಚೆನ್ನಾಗಿ ಬಂತು. ಛೇ, ಬಿಡ್ತು ಅನ್ನು.

ಮಾರ್ಚ್ 5
ಅಳಿಸಲಿಲ್ಲ. ಬೇರೆ ಕೆಲಸ ಬಂತು. ಪುಟದಿಂದ ಹೆಸರು ಬಂದರೆ ಅಣ್ಣ ಕಾಣುವುದೇ ಇಲ್ಲ. ಆದರೂ...

ಮಾರ್ಚ್ 8, ಬೆಳಿಗ್ಗೆ
ಸೈಟು ಶುರು. ಮೊದಲ ಕಾರ್ಡು ನಿವೃತ್ತ ಪೋಸ್ಟ್‌ಮಾಸ್ಟರರದಾಗಬೇಕಿತ್ತು. ಅದರಲ್ಲಿ ಹೆಸರೂ ಅಣ್ಣನದು, ನಗುತ್ತಿರುವವನೂ ಅಣ್ಣ!
“ಯಾರಮ್ಮಾ ಇವ್ರು?” ಬಾಸ್ ಕೇಳಿದರು.
“ನಮ್ಮಣ್ಣ ಸಾರ್.”
“ಅಯ್ಯೋ! ಯಾವಾಗ ಹೋದ್ರು?”
“ಹೋಗಿಲ್ಲ ಸಾರ್!”
ಪುಟ ಕಳಿಸುತ್ತಿರುವುದು ‘ಹೆಸರು’ ಅನ್ನೋ ಗುರುತಿನಲ್ಲಿ. ನನ್ನ ತುಣುಕು ಕಾಯುತ್ತಿರುವುದು ‘ಹೆಸ್ರು’ಗೆ. ಬಾಯಲ್ಲಿ ಆಡಿದ ಹಾಗೆಯೇ ಬರೆದಿದ್ದೇನೆ. ಒಂದಕ್ಷರ ನುಂಗಿದ್ದಕ್ಕೆ ಒಬ್ಬ ಮನುಷ್ಯ ಹೋದ. ಸರಿಮಾಡಿದೆ.
ಅಷ್ಟರಲ್ಲಿ ಸೈಟು ನೋಡಿಬಿಟ್ಟಿದ್ದ ಚಿಕ್ಕಮ್ಮನ ಫೋನು. “ನಂಗೊಂದು ಮಾತು ಹೇಳ್ಬಾರ್ದಿತ್ತೇನೇ?” ನಾನು ಬಾಯಿ ಬಿಡುವ ಮೊದಲೇ ಅತ್ತು ಇಟ್ಟುಬಿಟ್ಟಳು. ಇನ್ನು ನೆಂಟರಿಷ್ಟರಿಗೆಲ್ಲ ಡಂಗುರ.

ಸಂಜೆ
ಮುಗಿಯಿತು. ಅಣ್ಣ ಇನ್ನು ಈ ಜನ್ಮದಲ್ಲಿ ಮಾತಾಡುವುದಿಲ್ಲ. ನಾನೇ ಫೋನ್ ಮಾಡಲೇ? ಮಾಡಿ ಏನನ್ನಲಿ — ಬದುಕಿದ್ದೀಯಾ ಅಂತಲೇ?

ಮಾರ್ಚ್ 12
ಅಣ್ಣನ ಫೋನು!
“ನಾನು ಸತ್ತಿದೀನಂತೆ?”
“ಅಣ್ಣಾ...” ಅಂದೆ.
“ಅಲ್ಲ ಕಣೇ, ಸತ್ತ ಮೇಲೂ ನಾನೇ ಫೋನ್ ಮಾಡ್ಬೇಕಾ?”
ಅಳುತ್ತಲೇ ಎಲ್ಲ ಹೇಳಿದೆ. ತುಣುಕು, ಪ್ರಿವ್ಯೂ, ನುಂಗಿದ ಅಕ್ಷರ. ಅರ್ಥವಾಯಿತೋ ಇಲ್ಲವೋ.
“ಆ ಕಾರ್ಡು ನೀನೇ ಮಾಡಿದ್ದಾ? ಪೂರ್ತಿ? ಯಾರು ಕಲ್ಸಿದ್ರು?”
“ಯಾರೂ ಇಲ್ಲ.”
ಆ ಕಡೆ ಕ್ಯಾಲೆಂಡರ್ ಪುಟ ಮಗುಚಿದ ಸದ್ದು.
“ಭಾನುವಾರ ಬರ್ತೀನಿ. ನನ್ನ ಹೆಂಗೆ ಕೊಂದೆ ಅಂತ ಕೂತು ತೋರ್ಸು.”
ಮನೆ ಗುಡಿಸಬೇಕು. ಪರದೆ ಒಗೆಯಬೇಕು. ಕುರ್ಚಿ ಒಂದೇ ಇದೆ. ಭಾನುವಾರ ಅಂದನಲ್ಲ, ಅದು ಈ ಭಾನುವಾರವೋ, ಇಲ್ಲ ಮುಂದಿನದೋ? ಈ ಸಲ ನಾನೇ ಫೋನ್ ಮಾಡಿ ಕೇಳಬೇಕು.