ಕಲ್ಲಿನ ಮೇಲಿನ ಓರ್ಸೊಲಾ

ಪ್ರಾದೆಲ್ಲೊ
೧೪ ಅಕ್ಟೋಬರ್ ೧೯೯೬

ಪ್ರೀತಿಯ ಬೊರ್ತೊಲಣ್ಣನಿಗೆ ತಂಗಿಯ ನಮಸ್ಕಾರ.

ಮೂರು ತಿಂಗಳಿಂದ ಕಾಗದವಿಲ್ಲವೆಂದು ಬೈಯಬೇಡ. ನಾನು ಸತ್ತಿದ್ದೆ. ಗಾಬರಿಯಾಗಬೇಡ ಮಾರಾಯ, ಪಂಚಾಯಿತಿಯ ಪ್ರಕಾರ ಮಾತ್ರ.

ಅಣೆಕಟ್ಟು ಒಡೆದು ಡಿಸೆಂಬರಿಗೆ ಎಪ್ಪತ್ತು ವರ್ಷ. ಮಂತ್ರಿ ಬರುತ್ತಾರೆಂದು ಊರಿಗೆ ಊರೇ ಸುಣ್ಣ ಬಳಿದುಕೊಂಡು ನಿಂತಿದೆ. ಮೇಲೆ ಅಣೆಕಟ್ಟು ಮಾತ್ರ ನೀನು ಆರ್ಜೆಂಟೀನಾಕ್ಕೆ ಹೊರಟಾಗ ಇದ್ದಂತೆಯೇ ಇದೆ. ಎರಡೂ ಬದಿ ಗಟ್ಟಿಯಾಗಿ ನಿಂತು, ನಡುವೆ ಮುಂಬಲ್ಲು ಉದುರಿದ ಬಾಯಿಯ ಹಾಗೆ ಖಾಲಿ. ಕಮಾನುಗಳ ನೆರಳಲ್ಲಿ ಕುರಿಗಳು ಮಲಗುತ್ತವೆ, ಪ್ರವಾಸಿಗಳು ಬುತ್ತಿ ಬಿಚ್ಚುತ್ತಾರೆ. ಮೊನ್ನೆ ಒಬ್ಬಳು, "ಇದನ್ನ ಯಾವಾಗ ಕಟ್ಟಿ ಮುಗಿಸ್ತೀರಿ?" ಎಂದಳು. "ತಡಿಯಮ್ಮ, ಹೋದ ಸಲ ಅವಸರ ಮಾಡಿಯೇ ಹೀಗಾಯ್ತು" ಎಂದೆ.

ಸತ್ತ ಕಥೆಗೆ ಬರುತ್ತೇನೆ. ಅಂದು ನೀರಿನಲ್ಲಿ ಸತ್ತವರ ಹೆಸರಿನ ಕಲ್ಲನ್ನು ತೊಳೆಸುವಾಗ ಪಂಚಾಯಿತಿ ಗುಮಾಸ್ತ ಫಾಬ್ರಿತ್ಸಿಯೊ 'ಜಾಕೊಮೊನ ಮಗಳು ಓರ್ಸೊಲಾ' ಎಂದಿರುವುದನ್ನು ಓದಿ ನಮ್ಮ ಮನೆಗೆ ಓಡಿಬಂದ.

"ಅಜ್ಜಿ, ಕಲ್ಲಿನ ಮೇಲಿರೋ ಹೆಸರೂ ಪಿಂಚಣಿ ತಗೊಳ್ಳೋ ಹೆಸರೂ ಒಂದೇ. ಒಂದೋ ನೀವು ಸತ್ತಿರಬೇಕು, ಇಲ್ಲಾ ಕಲ್ಲು ಸುಳ್ಳು ಹೇಳ್ತಿರಬೇಕು."

"ಅದು ನಮ್ಮಕ್ಕ ಕಣೋ! ಅವಳು ಹೋದ ಎರಡು ವರ್ಷಕ್ಕೆ ನಾನು ಹುಟ್ಟಿದೆ. ಹೋದ ಮಗುವಿನ ಹೆಸರನ್ನ ಆಮೇಲೆ ಹುಟ್ಟಿದ್ದಕ್ಕೆ ಇಡೋದು ನಮ್ಮಲ್ಲಿ ಪದ್ಧತಿ."

"ಪದ್ಧತಿಗೆ ಸೀಲ್ ಇರಲ್ಲ ಅಜ್ಜಿ."

ಅವಳ ಹೆಸರಿದ್ದ ಚರ್ಚಿನ ಪುಸ್ತಕವೂ ಅದೇ ನೀರಿನಲ್ಲಿ ಹೋಯಿತಲ್ಲ. ಮರುದಿನ ಕಲ್ಲುಕುಟಿಗ ಪ್ಲಿನಿಯೊ ಆ ಹೆಸರು ಕೆತ್ತಿ ತೆಗೆಯಲು ಉಳಿ ಹಿಡಿದು ಬಂದ. ನಾನು ಕಲ್ಲಿಗೆ ಬೆನ್ನು ಕೊಟ್ಟು ಕುರ್ಚಿ ಹಾಕಿಕೊಂಡು ಕೂತೆ, ಕೈಯಲ್ಲಿ ಮೆಕ್ಕೆಜೋಳದ ಪೊಲೆಂಟಾ ಮಗುಚುವ ಕೋಲು.

"ಅಕ್ಕಾ, ತಲೆ ಒಂಚೂರು ಸರಿಸಿ. ನಾಲ್ಕೇ ಏಟು."

"ಮೊದಲನೇದು ನಿನಗೆ ಬೀಳುತ್ತೆ ನೋಡು!"

ನಾಲ್ಕು ದಿನ ಹೀಗೇ ನಡೆಯಿತು. ಅವನು ಬರುತ್ತಿದ್ದ, ನನ್ನ ಪೊಲೆಂಟಾ ಉಂಡು ಹೋಗುತ್ತಿದ್ದ. ಕೊನೆಗೆ ಫಾಬ್ರಿತ್ಸಿಯೊ ಸೋತ. "ಆ ಮಗುವನ್ನ ಕಣ್ಣಾರೆ ಕಂಡೋರು ಯಾರಾದ್ರೂ ಬರೆದುಕೊಡಲಿ. ನವೆಂಬರ್ ಕೊನೆವರೆಗೆ ಕಾಯ್ತೀನಿ" ಎಂದ.

ಕಂಡವರೆಲ್ಲ ನೀರಿನಲ್ಲೋ ವಯಸ್ಸಿನಲ್ಲೋ ಹೋದರು. ಉಳಿದವನು ನೀನೊಬ್ಬನೇ. ಎರಡು ಸಾಲು ಸಾಕಣ್ಣ: ಓರ್ಸೊಲಾ ಎಂಬ ತಂಗಿಯಿದ್ದಳು, ಮೂರು ವರ್ಷದವಳು, ಆ ಬೆಳಿಗ್ಗೆ ನೀರಿನಲ್ಲಿ ಹೋದಳು.

ನಿನ್ನ ಮಂಡಿಗಳಿಗೆ ದೇವರು ಬಲ ಕೊಡಲಿ. ಅತ್ತಿಗೆಗೆ ನಮಸ್ಕಾರ, ಮೊಮ್ಮಕ್ಕಳು ನೂರು ವರ್ಷ ಬಾಳಲಿ.

ನಿನ್ನ ತಂಗಿ
ಓರ್ಸೊಲಾ (ಬದುಕಿರುವವಳು)

ತಾ.ಕ.: ನೀನು ನನ್ನನ್ನು ಮೊದಲಿನಿಂದಲೂ ಹೆಸರು ಹಿಡಿಯದೆ 'ಚಿಕ್ಕಿ' ಎಂದೇ ಕರೆದೆ. ಲಕೋಟೆಯ ಮೇಲೆ ಹೆಸರು ಬರೆಯುವುದು ಕೂಡ ಅತ್ತಿಗೆಯೇ. ಅಣ್ಣನಿಗೆ ನಾನು ಬೇಡವೆಂದು ಚಿಕ್ಕಂದಿನಲ್ಲಿ ಎಷ್ಟೋ ಸಲ ಅತ್ತಿದ್ದೇನೆ. ಸಾಯುವ ಮುಂಚೆ ಅಮ್ಮ ಹೇಳಿದಳು: "ಅವನ ಕೈಯಿಂದ್ಲೇ ಜಾರಿದ್ದು ಕಣೆ ಅವಳು. ಎಂಟು ವರ್ಷದ ಕೈ, ಅದೆಷ್ಟು ಹಿಡಿದೀತು?" ಅಮ್ಮನಿಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ, ನನಗೂ ಇಲ್ಲ. ಆದರೆ ಆ ಹೆಸರು ಬರೆಯದೆ ಸಾಕ್ಷಿ ಬರೆಯಲಾಗುವುದಿಲ್ಲ. ಬರೆ ಅಣ್ಣಾ. ಬರೆದ ಮೇಲೆ, ಈ ಸಲ ಲಕೋಟೆಯ ಮೇಲೂ ನೀನೇ ಬರೆ.